ಮೊದಲು ನೋಡುವುದೋ, ಮೊದಲು ನಿಲ್ಲಿಸುವುದೋ

ಕೂಸೇ, ನಿನ್ನ ಸಂದೇಶ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಕೈತುಂಬ ಜೋಳದ ಹಿಟ್ಟು. ಈಗ ಬಾಗಲಕೋಟೆಯ ನವನಗರದಲ್ಲಿ ಕರೆಂಟ್ ಹೋಗಿದೆ, ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಮಾತಾಡುತ್ತಿದ್ದೇನೆ. ಉದ್ದವಾಗುತ್ತದೆ. ಗ್ರೂಪಿನಲ್ಲಿ ಬೇಡವಾದವರು ಬಿಟ್ಟುಬಿಡಿ, ಆದರೆ ಶುಗರ್ ಇರುವ ಅಣ್ಣಂದಿರು ನಡುವಿನ ಭಾಗವನ್ನಾದರೂ ಕೇಳಿಸಿಕೊಳ್ಳಿ.

ನಿನ್ನ ನರ್ಸಿಂಗ್ ಪರೀಕ್ಷೆಯ ತಯಾರಿಯಿಂದ ನೀನು ಕಳಿಸಿದ್ದು ಎರಡು ಪ್ರಶ್ನೆ, ಎರಡರಲ್ಲೂ ಕೇಳಿದ್ದು ‘ನರ್ಸ್ ಮೊದಲು ಮಾಡಬೇಕಾದದ್ದೇನು?’ ಎಂದೇ. ಥೈರಾಯ್ಡ್ ಆಪರೇಷನ್ ಆಗಿ 4 ತಾಸಾಗಿದೆ, ಹೆಂಗಸು ಕುತ್ತಿಗೆ ಬಿಗಿಯುತ್ತಿದೆ ಎನ್ನುತ್ತಾಳೆ, ಮುಂದಿನ ಡ್ರೆಸ್ಸಿಂಗ್ ಒಣಗಿಯೇ ಇದೆ. ನೀನು ‘ಡಾಕ್ಟರಿಗೆ ತಿಳಿಸುವುದು’ ಎಂದೆ. ಸರಿಯುತ್ತರ ‘ಉಸಿರಾಟ ಮತ್ತು ಕುತ್ತಿಗೆಯ ಹಿಂಭಾಗ ನೋಡುವುದು’. ಇನ್ನೊಂದರಲ್ಲಿ ರಕ್ತ ಏರಿಸಲು ಶುರು ಮಾಡಿ 10 ನಿಮಿಷಕ್ಕೆ ರೋಗಿಗೆ ಚಳಿ, ನಡುಕ, ಸೊಂಟನೋವು. ಹಿಂದಿನ ಪೆಟ್ಟು ನೆನಪಿತ್ತಲ್ಲ, ಇಲ್ಲಿ ನೀನು ‘ಬಿಪಿ, ಜ್ವರ ನೋಡುವುದು’ ಎಂದೆ. ಸರಿಯುತ್ತರ ‘ರಕ್ತ ನಿಲ್ಲಿಸುವುದು’. ‘ದೊಡ್ಡವ್ವ, ಪುಸ್ತಕ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳುತ್ತದೆ, ಯಾವುದನ್ನು ನಂಬಲಿ?’ ಎಂದು ಕೇಳಿದ್ದೀಯಲ್ಲ.

ಎರಡನ್ನೂ ನಂಬು. ನೋಡುವ ಕೆಲಸ ಪ್ರಶ್ನೆಯೊಳಗೇ ಮುಗಿದಿದೆಯೋ ಇಲ್ಲವೋ ಎಂಬುದನ್ನಷ್ಟೇ ಹುಡುಕು. ಮೊದಲನೆಯದರಲ್ಲಿ ಮುಗಿದಿಲ್ಲ. ಫೋನ್ ಮಾಡಿದರೆ ಡಾಕ್ಟರು ‘ರಕ್ತ ಬರುತ್ತಿದೆಯೇ? ಉಸಿರು ಹೇಗಿದೆ?’ ಎಂದು ಕೇಳುತ್ತಾರೆ, ನಿನ್ನ ಬಳಿ ಉತ್ತರವಿಲ್ಲ. ಮಲಗಿದವಳ ರಕ್ತ ಇಳಿಜಾರಿಗೆ ಹರಿದು ಬೆನ್ನ ಕಡೆಗೆ ಹೋಗುತ್ತದೆ, ಮುಂದಿನ ಬಟ್ಟೆ ಒಣಗಿದ್ದರೆ ಏನೂ ಹೇಳಿದಂತಾಗಲಿಲ್ಲ. ಕತ್ತಿನ ಕೆಳಗೆ ಕೈ ಹಾಕಿ ನೋಡಬೇಕು. ಅದೇ ಪ್ರಶ್ನೆಯಲ್ಲಿ ‘ಉಸಿರೆಳೆಯುವಾಗ ಕರ್ಕಶ ಸದ್ದು’ ಎಂದಿದ್ದರೆ ಆಗ ನಿನ್ನ ಉತ್ತರವೇ ಸರಿ, ತಕ್ಷಣ ಕರೆಯಬೇಕು. ಕತ್ತಿನಲ್ಲಿ ಉಸಿರಿಗೆ ದಾರಿ ತೆರೆಯುವ ಟ್ರಕಿಯಾಸ್ಟಮಿ ಸೆಟ್ಟನ್ನು ಥೈರಾಯ್ಡ್ ಆಪರೇಷನ್ ಆದವರ ಮಂಚದ ಪಕ್ಕದಲ್ಲೇ ಇಡುವುದು ಅದಕ್ಕಾಗಿಯೇ. ರಕ್ತದ ಪ್ರಶ್ನೆಯಲ್ಲಿ ಆ ರಕ್ತ ಮೈಗೆ ಒಗ್ಗುತ್ತಿಲ್ಲ ಎಂಬುದನ್ನು ರೋಗಿಯ ಚಳಿ, ನಡುಕ, ಸೊಂಟನೋವೇ ಹೇಳಿವೆ. ನೀನು ಥರ್ಮಾಮೀಟರ್ ಹುಡುಕುವಷ್ಟರಲ್ಲಿ ಇನ್ನಷ್ಟು ಹನಿ ಒಳಗೆ ಹೋಗುತ್ತದೆ. ನಿಲ್ಲಿಸು, ಹೊಸ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಹಚ್ಚಿ ನರ ಉಳಿಸಿಕೋ, ಆಮೇಲೆ ಬಿಪಿ, ಡಾಕ್ಟರು ಎಲ್ಲ. ಚೀಲವನ್ನು ಎಸೆಯಬೇಡ, ಅದು ರಕ್ತನಿಧಿಗೆ ವಾಪಸು ಹೋಗಬೇಕು.

ನಾನೇನು ಹುಟ್ಟುತ್ತಲೇ ಕಲಿತು ಬಂದವಳಲ್ಲ. ಕೆಲಸಕ್ಕೆ ಸೇರಿದ ಹೊಸತು, ಹಳೇ ಊರಿನ ಭಾಗಗಳು ಇನ್ನೂ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿರಲಿಲ್ಲ. ಯಾವ ಆಸ್ಪತ್ರೆ ಎಂಬುದು ಬೇಡ, ತಪ್ಪು ನನ್ನದು. ಒಬ್ಬ ಅಜ್ಜನಿಗೆ ಬೆಳಿಗ್ಗೆ ಏಳೂವರೆಗೆ ನಾನೇ ರೆಗ್ಯುಲರ್ ಇನ್ಸುಲಿನ್ ಚುಚ್ಚಿದ್ದೆ. ಒಂಬತ್ತರ ಹೊತ್ತಿಗೆ ಅವರು ನನ್ನನ್ನು ಬಾಯಿಗೆ ಬಂದಂತೆ ಬೈಯತೊಡಗಿದರು. ಬನಿಯನ್ನು ಹಿಂಡಿದರೆ ನೀರು ಬೀಳುವಷ್ಟು ಬೆವರು. ಸೊಕ್ಕಿನ ಮನುಷ್ಯ ಎಂದುಕೊಂಡು ನಾನು ಬಿಪಿ ನೋಡುವ ಯಂತ್ರ ಹುಡುಕಲು ಹೋದೆ. ಹಿರಿಯ ಸಿಸ್ಟರ್ ಬಂದವರೇ ಮೊದಲು ನೋಡಿದ್ದು ಪಕ್ಕದ ತಟ್ಟೆಯನ್ನು. ಉಪ್ಪಿಟ್ಟು ಹಾಗೇ ಇತ್ತು, ಮೇಲೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಇನ್ಸುಲಿನ್ ಒಳಗೆ ಹೋಗಿದೆ, ತಿಂಡಿ ಹೋಗಿಲ್ಲ, ಅಂದರೆ ಶುಗರ್ ಇಳಿದಿದೆ. ಆ ವಾರ್ಡಿನಲ್ಲಿ ಶುಗರ್ ಅಳೆಯುವ ಗ್ಲುಕೋಮೀಟರ್ ಎಲ್ಲಿತ್ತು? ಸಕ್ಕರೆ ನೀರು ಕುಡಿಸಿಯೇಬಿಟ್ಟರು. ಕಾಲು ತಾಸಿಗೆ ಅದೇ ಅಜ್ಜ ‘ಏನಂದೆನೋ ಗೊತ್ತಿಲ್ಲ ತಾಯಿ’ ಎಂದು ಕೈ ಮುಗಿದರು. ನನಗೆ ಅಳು ಬಂತು.

ಅಣ್ಣಂದಿರೇ, ಇದು ನಿಮಗೆ: ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು-ನಾಲ್ಕು ಚಹಾ ಚಮಚ, ನೀರಿನಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿಕೊಳ್ಳಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅವರಿಗೆ ಆಸ್ಪತ್ರೆಯಲ್ಲಿ ನರದ ಮೂಲಕವೇ ಗ್ಲೂಕೋಸ್ ಕೊಡಬೇಕು.

ಇನ್ನೊಂದು ನೆನಪಾಯಿತು. ಸಿಒಪಿಡಿ, ಅಂದರೆ ವರ್ಷಗಟ್ಟಲೆ ಉಸಿರು ಕಟ್ಟಿಸುವ ಶ್ವಾಸಕೋಶದ ರೋಗ, ಇರುವವರ ರಕ್ತದ ಆಕ್ಸಿಜನ್ ಶೇಕಡಾ 90 ಎಂದು ನೋಡಿ ಗಾಬರಿಯಿಂದ ಲೀಟರ್ ಏರಿಸುವ ಆಯ್ಕೆಗೆ ನೀನು ಬೀಳುತ್ತೀಯ, ನನಗೆ ಗೊತ್ತು. ಅವರಲ್ಲಿ ಸಾಮಾನ್ಯವಾಗಿ ಗುರಿ 88ರಿಂದ 92. ಬೀಡಿಯನ್ನೇ ಮುಟ್ಟದೆ ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ಅಜ್ಜಿಯಂದಿರಿಗೂ ಈ ರೋಗ ಬರುತ್ತದೆ, ಪ್ರಶ್ನೆಯಲ್ಲಿ ಧೂಮಪಾನ ಎಂಬ ಪದಕ್ಕಾಗಿ ಕಾಯಬೇಡ.

ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯುವವಳು ನೀನು, ತಪ್ಪಿದರೆ ಮೂರನೇ ಒಂದು ಅಂಕ ಕೈಯಿಂದ ಹೋಗುತ್ತದೆ. ದಿನಕ್ಕೆ 100 ಪ್ರಶ್ನೆ ಓಡಿಸಿ ಅಂಕ ಎಣಿಸುವುದನ್ನು ಸ್ವಲ್ಪ ದಿನ ಬಿಡು. ನಾಳೆ ಐದೇ ಪ್ರಶ್ನೆ ಕಳಿಸು. ಉತ್ತರದ ಅಕ್ಷರ ಬೇಡ. ಪ್ರತಿಯೊಂದರ ಕೆಳಗೆ ‘ನೋಡಿದ್ದಾಗಿದೆ’ ಅಥವಾ ‘ಇನ್ನೂ ನೋಡಬೇಕು’ ಎಂದಷ್ಟೇ ಬರೆ, ಪ್ರಶ್ನೆಯ ಯಾವ ಮಾತು ಹಾಗೆ ಹೇಳಿಸಿತು ಎಂಬುದಕ್ಕೆ ಗೆರೆ ಎಳೆ. ಸಂಜೆ ಜೊತೆಗೆ ಕೂತು ನೋಡೋಣ. ಕರೆಂಟ್ ಬಂತು, ಟ್ಯಾಂಕಿಗೆ ನೀರು ಬಿಡಬೇಕು.