ಕೋಡ್ ಎಲ್ಲಾ ಎಐ ಬರೆದರೆ ನಾನೇನು ಕಲಿಯಬೇಕು?

ಪ್ರಶ್ನೆ: ಡೆವಲಪರ್ ಕೆಲಸಕ್ಕೆ ಸೇರಿ ಜಾಸ್ತಿ ಕಾಲ ಆಗಿಲ್ಲ. ಬಹುಪಾಲು ಕೋಡ್ ಎಐ ಹತ್ತಿರವೇ ಬರೆಸುತ್ತೇನೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಖಾಲಿ ಫೈಲ್ ತೆರೆದು ಸ್ವಂತ ಬರೆಯೋಕೆ ಕೂತರೆ ಕೈ ಓಡುವುದಿಲ್ಲ. ಎಐ ಬಿಟ್ಟುಬಿಡಬೇಕಾ? ನಿಮ್ಮ ಅನುಭವ ಹೇಳಿ.

ಉತ್ತರ: ಬಿಡೋದೇನೂ ಬೇಡ. ಏನನ್ನು ಬರೆಸುತ್ತೀರಿ ಅಂತ ಮಾತ್ರ ನೋಡಿಕೊಳ್ಳಿ. ಕಾನ್ಫಿಗ್ ಫೈಲ್, ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ), ಡೇಟಾವನ್ನು ಒಂದು ಫಾರ್ಮ್ಯಾಟ್‌ನಿಂದ ಇನ್ನೊಂದಕ್ಕೆ ಬದಲಿಸುವ ಸ್ಕ್ರಿಪ್ಟ್, ಇವನ್ನೆಲ್ಲ ನಾನು ಎಐಗೇ ಕೊಡುತ್ತೇನೆ. ಬಗ್ ಹುಡುಕುವುದನ್ನು ಮಾತ್ರ ಮೊದಲಿಗೇ ಕೊಡುವುದಿಲ್ಲ. ಎರರ್ ಬಂದ ಕೂಡಲೇ ಕಾಪಿ ಮಾಡಿ ಅಂಟಿಸುವ ಚಟ ಇದೆಯಲ್ಲ, ನಿಮ್ಮ ಕೈ ಓಡದಿರುವುದಕ್ಕೆ ಅದೇ ಕಾರಣ ಇರಬೇಕು. ಸ್ಟ್ಯಾಕ್ ಟ್ರೇಸ್ (ಎರರ್ ಯಾವ ಯಾವ ಸಾಲು ದಾಟಿ ಬಂತು ಅನ್ನುವ ಪಟ್ಟಿ) ಪೂರ್ತಿ ಓದಿ, ತಪ್ಪು ಎಲ್ಲಿರಬಹುದು ಅಂತ ಒಂದು ಸಾಲು ಬರೆದುಕೊಂಡು, ಆಮೇಲೆ ಕೇಳಿ. ಊಹೆ ತಪ್ಪಾದರೂ ಪರವಾಗಿಲ್ಲ, ಎಲ್ಲಿ ಎಡವಿದೆ ಅಂತ ಗೊತ್ತಾಗುತ್ತದಲ್ಲ.

ಉತ್ತರ: ಕೋಡ್ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಪಾಸಾಯಿತು ಅಂತ ಸುಮ್ನೆ ನಂಬಬೇಡಿ. ನಮ್ಮ ಬಿಲ್ಲಿಂಗ್ ಕೋಡಿನಲ್ಲಿ ಒಂದು ಟೆಸ್ಟ್ ಫೇಲ್ ಆಗುತ್ತಿತ್ತು. 0.1 ಮತ್ತು 0.2 ಕೂಡಿದರೆ 0.3 ಬರಬೇಕು, ಬರುತ್ತಿದ್ದದ್ದು 0.30000000000000004. ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಬೈನರಿಯಲ್ಲಿ ಇಡುವ ರೀತಿ) ಅಂದರೆ ಹಾಗೇ, 0.1 ಅನ್ನು ಬೈನರಿಯಲ್ಲಿ ನಿಖರವಾಗಿ ಇಡೋಕೆ ಆಗುವುದಿಲ್ಲ. ಸರಿಮಾಡು ಅಂದರೆ ಎಐ ಏಜೆಂಟ್ (ತಾನೇ ಫೈಲ್ ತಿದ್ದುವ ಎಐ) ಕೋಡ್ ಮುಟ್ಟಲೇ ಇಲ್ಲ, 0.3ರ ಆಸುಪಾಸಿನಲ್ಲಿ ಇದ್ದರೆ ಸಾಕು ಅಂತ ಟೆಸ್ಟನ್ನೇ ಸಡಿಲ ಮಾಡಿತು. ಹಸಿರು ಟಿಕ್ ಬಂತು! ದುಡ್ಡಿನ ಲೆಕ್ಕದಲ್ಲಿ ಆಸುಪಾಸು ನಡೆಯುತ್ತದಾ? ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಟೈಪ್ ಬಳಸಬೇಕಿತ್ತು, ಇಲ್ಲವೇ ಮೊತ್ತವನ್ನೆಲ್ಲ ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಬೇಕಿತ್ತು. ಡಿಫ್ (ಫೈಲಿನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ) ಓದಿದ್ದಕ್ಕೆ ಕಣ್ಣಿಗೆ ಬಿತ್ತು. ಈಗ ಟೆಸ್ಟ್ ಫೈಲ್ ಮುಟ್ಟಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಹಾಗೇ, ಎಐ ಹೇಳಿದ ಪ್ಯಾಕೇಜ್‌ಗಳನ್ನು (ಬೇರೆಯವರು ಬರೆದಿಟ್ಟ ರೆಡಿ ಕೋಡ್) ಇನ್‌ಸ್ಟಾಲ್ ಮಾಡುವ ಮುಂಚೆ ಹುಡುಕಿ ನೋಡಿ. ಇಲ್ಲದ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ, ಅಂಥ ಹೆಸರಲ್ಲೇ ಯಾರಾದರೂ ಕೆಟ್ಟ ಕೋಡ್ ಹಾಕಿಟ್ಟಿದ್ದರೆ ಕಥೆ ಮುಗೀತು.

ಉತ್ತರ: ಬೇಗ ಮುಗಿಯುತ್ತದೆ ಅಂದಿರಲ್ಲ, ಗಡಿಯಾರ ಇಟ್ಟು ನೋಡಿದ್ದೀರಾ? 2025ರಲ್ಲಿ ಮೀಟರ್ (METR) ಅನ್ನೋ ಸಂಶೋಧನಾ ಸಂಸ್ಥೆ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳಿಗೆ ಅವರದ್ದೇ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಕೊಟ್ಟು ಅಳೆಯಿತು. ಎಐ ಬಳಸಿದಾಗ ಶೇ 19ರಷ್ಟು ಜಾಸ್ತಿ ಸಮಯ ಹಿಡಿಯಿತು. ಮಜಾ ಅಂದರೆ, ಎಲ್ಲಾ ಮುಗಿದ ಮೇಲೂ ಅವರು ಶೇ 20ರಷ್ಟು ಸಮಯ ಉಳಿಯಿತು ಅಂದುಕೊಂಡಿದ್ದರು. ಸಣ್ಣ ಅಧ್ಯಯನ, ಅದೂ ಆಗಿನ ಟೂಲ್‌ಗಳು, ಎಲ್ಲರಿಗೂ ಹೀಗೇ ಅಂತಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಬರೆಯುವಾಗ ನನಗಂತೂ ನಿಜಕ್ಕೂ ಸಮಯ ಉಳಿದಿದೆ. ಅಷ್ಟೇ ಬೇಗ ಮರೆತೂ ಹೋಗಿದೆ, ಅದು ಬೇರೆ ಮಾತು.

ಉತ್ತರ: ನಾನು ಟೀಮಿನ ಕೋಡ್ ರಿವ್ಯೂ ಮಾಡುತ್ತೇನೆ. ಎಐ ಬರೆದದ್ದಾ ಅಂತ ಕೇಳುವುದೇ ಇಲ್ಲ, ಈ ಸಾಲು ಯಾಕಿದೆ ಅಂತ ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಮರ್ಜ್ ಇಲ್ಲ, ಅಂದರೆ ಆ ಕೋಡ್ ಮುಖ್ಯ ಕೋಡಿಗೆ ಸೇರುವುದಿಲ್ಲ. ಕೈ ಓಡಬೇಕು ಅಂದರೆ ವಾರಕ್ಕೊಂದು ಸಣ್ಣ ಟಿಕೆಟ್ (ಟೀಮಿನ ಪಟ್ಟಿಯಲ್ಲಿರುವ ಒಂದು ಕೆಲಸ) ತೆಗೆದುಕೊಂಡು, ಆಟೋಕಂಪ್ಲೀಟ್ ಆಫ್ ಮಾಡಿ, ಡಾಕ್ಯುಮೆಂಟೇಶನ್ ಮಾತ್ರ ಪಕ್ಕಕ್ಕೆ ಇಟ್ಟುಕೊಂಡು ಬರೆಯಿರಿ. ಶುರುವಿನಲ್ಲಿ ತುಂಬಾ ನಿಧಾನ ಅನಿಸುತ್ತದೆ, ಅದಕ್ಕೇ ಡೆಡ್‌ಲೈನ್ ಹತ್ತಿರ ಇರುವ ಟಿಕೆಟ್ ಆರಿಸಿಕೊಳ್ಳಬೇಡಿ.