ಜಾಮೀನು ಸಿಕ್ಕಿದೆ, ಶ್ಯೂರಿಟಿ ಕೊಡುವವರಿಲ್ಲ

ಶಹಾಬಾದಿ:
ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಚಿತ್ತಾಪುರ ಕಡೆಯವರು. ಪಾಲಿಗೆ ತೊಗರಿ ಬೆಳೆಯುತ್ತಾರೆ, ಸ್ವಂತದ್ದು ಒಂದು ಗುಂಟೆಯೂ ಇಲ್ಲ. ಬದುವಿನ ಜಗಳದಲ್ಲಿ ಎರಡೂ ಕಡೆಯವರ ಮೇಲೆ ಕೇಸ್ ಆಯಿತು. ಆ ಕಡೆಯವರು ದೊಡ್ಡ ವಕೀಲರನ್ನು ಹಿಡಿದು ನಿರೀಕ್ಷಣಾ ಜಾಮೀನು ತಗೊಂಡರು, ಒಂದು ರಾತ್ರಿಯೂ ಒಳಗೆ ಮಲಗಲಿಲ್ಲ. ಮಾಮಾಗೂ ಜಾಮೀನು ಆಗಿದೆ. ಆದರೆ 50,000 ರೂಪಾಯಿಗೆ ಶ್ಯೂರಿಟಿ ಬೇಕು, ಪಹಣಿ ಇರೋರೇ ಆಗಬೇಕು. ಊರಲ್ಲಿ ಪಹಣಿ ಇರೋರೆಲ್ಲ ಆ ಮನೆಯ ಬೀಗರು, ಇಲ್ಲವೇ ಅವರ ಹತ್ತಿರ ಸಾಲ ಮಾಡಿದವರು. ಯಾರು ಬರ್ತಾರೆ ಹೇಳಿ? ಆದೇಶ ಆಗಿ ತಿಂಗಳು ದಾಟಿತು, ಮಾಮಾ ಇನ್ನೂ ಜೈಲಲ್ಲೇ ಇದ್ದಾರೆ.

ಈಗ ಹಿರಿಯರು, 'ಶರಣಬಸವೇಶ್ವರರ ಗುಡಿಗೆ ನೀವೇ ಬಂದು, ಅವನದೇ ತಪ್ಪು ಅಂತ ಆಣೆ ಮಾಡ್ರಿ, ಶ್ಯೂರಿಟಿ ನಾವು ಕೊಡಿಸ್ತೀವಿ' ಅಂತಿದ್ದಾರೆ. ಅಕ್ಕ ಸೋಮವಾರ ತಪ್ಪದೆ ಉಪವಾಸ ಇರೋಳು, ಒಪ್ಪುವ ಹಾಗಿದ್ದಾಳೆ. ನನಗೆ ಮನಸ್ಸಿಲ್ಲ. ಆ ಕಡೆಯವರನ್ನು ಯಾಕೆ ಯಾರೂ ಆಣೆಗೆ ಕರೆಯುತ್ತಿಲ್ಲ?

ತೊಗರಿಹೊಲ:
ಸುಮ್ನೆ ಒಪ್ಕೊಳ್ಳಿ ಅಣ್ಣಾ. ಮುಂದಿನ ವರ್ಷ ಪಾಲಿಗೆ ಹೊಲ ಕೊಡೋರೂ ಅವರೇ ಅಲ್ವಾ?

ಹಳೆ ಶಿರಸ್ತೇದಾರ:
ಬೇಡ ತಮ್ಮಾ. ಆಣೆಯ ಮಾತು ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ನಾಳೆ ಅವರೇ ಸಾಕ್ಷಿ ಕಟ್ಟೆ ಹತ್ತಿದರೆ ಏನು ಮಾಡುತ್ತೀರಿ?

ಪಹಣಿಯೇ ಬೇಕು ಅಂತ ಕೂರಬೇಡಿ. ಮಧ್ಯಪ್ರದೇಶದ ಮೋತಿರಾಮ್ ಅನ್ನುವ ಗಾರೆ ಕೆಲಸದವರಿಗೂ ಹೀಗೇ ಆಗಿತ್ತು. 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಒಡಹುಟ್ಟಿದವರು ಕೊಡೋಕೆ ಬಂದರೆ ಆಸ್ತಿ ಬೇರೆ ಜಿಲ್ಲೆಯದು ಅಂತ ವಾಪಸ್ ಕಳಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಿಸಿದರು. ಆ ತೀರ್ಪು ಇಂದಿಗೂ ನಡೆಯುತ್ತದೆ.

ಸುಪ್ರೀಂ ಕೋರ್ಟಿನದೇ 2023ರ ಜನವರಿ 31ರ ಆದೇಶ ಇನ್ನೂ ನೇರ. ಜಾಮೀನು ಸಿಕ್ಕು ವಾರದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ದೊಡ್ಡವರಿಗೆ ಇದನ್ನೆಲ್ಲ ವಕೀಲರು ನೆನಪಿಸುತ್ತಾರೆ. ಬಡವರ ಪಾಲಿಗೆ ಫೈಲ್ ಅಲ್ಲೇ ಮಲಗಿರುತ್ತದೆ, ನಾನೇ ಎಷ್ಟೋ ನೋಡಿದ್ದೇನೆ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ.

ಕಲ್ಯಾಣದವಳು:
ನಮ್ಮ ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಇದೆ, ಅಕ್ಕನವರನ್ನು ಒಮ್ಮೆ ಕರೆದುಕೊಂಡು ಬನ್ನಿ. ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ತಂದದ್ದಕ್ಕೆ ಬಿಜ್ಜಳ ಇಬ್ಬರು ಬೀಗರನ್ನೂ ಆನೆ ಕಾಲಿಗೆ ಕಟ್ಟಿಸಿ ಎಳೆಸಿದ ಅಂತಾರೆ. ತಪ್ಪಾಯ್ತು ಅಂತ ಅವರು ಕೈ ಮುಗಿದ ಕಥೆ ನಾನಂತೂ ಕೇಳಿಲ್ಲ. ದೇವರ ಮುಂದೆ ಸುಳ್ಳು ಹೇಳಿಸುವವರದು ಅದ್ಯಾವ ಭಕ್ತಿಯೋ!

ಶಹಾಬಾದಿ:
ಅಕ್ಕನಿಗೆ ಓದಿ ಹೇಳಿದೆ. ಗುಡಿಗೆ ಹೋಗ್ತೀನಿ, ಆಣೆಗಲ್ಲ ಅಂದಳು. ನಾಳೆ ಕಲ್ಲಿನ ಗಣಿಗೆ ರಜೆ ಹಾಕಿ ಪ್ರಾಧಿಕಾರದ ಕಚೇರಿಗೆ ಹೋಗುತ್ತೇನೆ. ಕೂಲಿ ಹೋದರೆ ಹೋಗಲಿ. ಆದೇಶದ ನಕಲು ಸಾಕಾ ಸರ್, ರೇಷನ್ ಕಾರ್ಡೂ ಬೇಕಾ?

ಹಳೆ ಶಿರಸ್ತೇದಾರ:
ಎರಡೂ ಇರಲಿ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.