ಜೇಬಿಗೆ ಹಿಡಿಸುವ ದೊಡ್ಡ ಜೂಮ್ ಕ್ಯಾಮೆರಾ: ಇಟ್ಟುಕೊಂಡವರು ಅನುಭವ ಹೇಳಿ

ಶಿರಾ ಹೊಸಬ:
ಎಲ್ಲರಿಗೂ ನಮಸ್ಕಾರ. ಫೆಬ್ರುವರಿಯಲ್ಲಿ ಅಪ್ಪ ಅಮ್ಮನ ಜೊತೆ ಹತ್ತು ದಿನ ರಾಜಸ್ಥಾನಕ್ಕೆ ಹೋಗುತ್ತಿದ್ದೇನೆ. ಜೈಪುರ, ಜೈಸಲ್ಮೇರ್, ಮಧ್ಯೆ ರಣಥಂಬೋರ್‌ನಲ್ಲಿ ಎರಡು ಸಫಾರಿ. ಅಮ್ಮನಿಗೆ ಮಂಡಿ ನೋವು, ಬ್ಯಾಗೆಲ್ಲ ನನ್ನ ಹೆಗಲಿಗೇ. ಅದಕ್ಕೆ ಡಿಎಸ್‌ಎಲ್‌ಆರ್ ಬೇಡ. ಕ್ಯಾನನ್ ಎಸ್‌ಎಕ್ಸ್740 ಅಥವಾ ಸೋನಿ ಎಚ್‌ಎಕ್ಸ್99, ಎರಡರಲ್ಲಿ ಒಂದು ತಗೊಳ್ಳೋಣ ಅಂತಿದ್ದೇನೆ. ಬಜೆಟ್ 45,000. ವಾಪಸ್ ಬಂದಮೇಲೆ ನಮ್ಮ ಶಿರಾ ಹತ್ತಿರದ ಕಗ್ಗಲಡು ಕೊಕ್ಕರೆಗಳನ್ನೂ ತೆಗೆಯುವ ಆಸೆ ಇದೆ. ಹೊಸದಾ, ಸೆಕೆಂಡ್ ಹ್ಯಾಂಡಾ? ಬಳಸಿದವರು ಹೇಳಿ.

ಎಸ್.ಎಸ್. ಪುರಂ ಮೇಷ್ಟ್ರು, ತುಮಕೂರು:
2019ರಲ್ಲಿ ಎಸ್‌ಎಕ್ಸ್740 ತಗೊಂಡವನು ನಾನು. ಇವತ್ತಿಗೂ ಪ್ಯಾಂಟಿನ ಜೇಬಲ್ಲೇ ಇದೆ. 299 ಗ್ರಾಂ, ಲೆನ್ಸ್ 24ರಿಂದ 960 ಮಿಮೀ, ಅಂದರೆ 40 ಪಟ್ಟು ಜೂಮ್. ಮಧುಗಿರಿಯಲ್ಲಿ ಬಸ್ ಇಳಿದು ಟೀ ಅಂಗಡಿ ಮುಂದೆ ನಿಂತು ಬೆಟ್ಟದ ಕಡೆ ಜೂಮ್ ಹಾಕಿದೆ. ಬರಿಗಣ್ಣಿಗೆ ಬಂಡೆ ಮೇಲೆ ಒಂದು ಕೆಂಪು ಚುಕ್ಕೆ ಅಷ್ಟೇ. ಸ್ಕ್ರೀನಲ್ಲಿ ನೋಡಿದರೆ ಒಬ್ಬ ಹುಡುಗ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಕೂತೇ ಜಾರಿಕೊಂಡು ಇಳಿಯುತ್ತಿದ್ದಾನೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು "ಏನ್ ಸಾರ್, ಇದು ಸರ್ವೇ ಮಿಷನ್ನಾ?" ಅಂತ ಕೇಳಿದರು.

ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಕ್ಯಾಮೆರಾ 27,500. 64 ಜಿಬಿ ಕಾರ್ಡು 1,150. ಪೌಚ್ 450. ಡೂಪ್ಲಿಕೇಟ್ ಬ್ಯಾಟರಿ 750. ಆ ಕೊನೆಯದೇ ನಾನು ಮಾಡಿದ ತಪ್ಪು. ಎರಡನೇ ಬೇಸಿಗೆಗೆ ಹಪ್ಪಳದ ಹಾಗೆ ಉಬ್ಬಿ ಒಳಗೇ ಸಿಕ್ಕಿಕೊಂಡಿತು. ಅದನ್ನು ಎಳೆಯಲು ಹೆಂಡತಿಯ ಹುಬ್ಬಿನ ಚಿಮಟ ತಂದೆ. ಚಿಮಟ ಬಾಗಿತು, ಹೊಸ ಚಿಮಟ 60 ರೂಪಾಯಿ. ಅಸಲಿ ಬ್ಯಾಟರಿ ಆಮೇಲೆ 2,900. ಒಟ್ಟು 32,810.

ಒಂದು ಮಾತು. ಪೂರ್ತಿ ಜೂಮಿಗೆ ಹೋದರೆ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್6.9ಕ್ಕೆ ಕಿರಿದಾಗುತ್ತದೆ. ಸಂಜೆ ಐದೂವರೆ ಮೇಲೆ ಬೆಳಕು ಸಾಲದೆ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಏರುತ್ತಾ ಹೋಗುತ್ತದೆ, ಹಕ್ಕಿಯ ಗರಿಯೆಲ್ಲ ಒಂದಾಗಿ ಮುದ್ದೆ. ಬೆಳಕು ಹಿಡಿಯುವ ಸೆನ್ಸರ್ ಸಣ್ಣದಾದರೆ ಅದರ ಹಣೆಬರಹವೇ ಅದು. ಬೆಳಗಿನ ಒಂಬತ್ತು ಗಂಟೆ ಬಿಸಿಲಲ್ಲಿ ತೆಗೆದು ನೋಡಿ, ಆಮೇಲೆ ಮಾತಾಡಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಮೇಷ್ಟ್ರು ಪುಣ್ಯವಂತರು. ನನ್ನ ಕಥೆ ಕೇಳಿ. ಸಣ್ಣ ಸೆನ್ಸರ್ ಬೇಡ ಅಂತ ಹಟ ಹಿಡಿದು 1 ಇಂಚಿನ ಸೆನ್ಸರ್ ಇರುವ ಪುಟ್ಟ ಜೂಮ್ ಕ್ಯಾಮೆರಾ ತಗೊಂಡೆ. ಯಾವ ಕಂಪನಿ ಅಂತ ಕೇಳಬೇಡಿ. ಹೇಳಿದರೆ ಅದರ ಅಭಿಮಾನಿಗಳೆಲ್ಲ ನನ್ನ ಮೇಲೆ ಬೀಳುತ್ತಾರೆ. 52,000 ಕೊಟ್ಟೆ, ಕಂತಿನಲ್ಲಿ.

ಮೊದಲ ಎಂಟು ತಿಂಗಳು ಚಿತ್ರ ಚಿನ್ನ. ಸ್ಕಂದಗಿರಿ, ಭೋಗನಂದೀಶ್ವರನ ಕಲ್ಯಾಣಿ, ಗುಡಿಬಂಡೆ ಕೋಟೆ, ಎಲ್ಲ ಕಡೆ ಹೊತ್ತುಕೊಂಡು ಓಡಾಡಿದೆ. ಒಂದು ದಿನ ನಂದಿಯಲ್ಲಿ ತೆಗೆದ ಚಿತ್ರ ನೋಡುತ್ತಿದ್ದೆ. ಆಕಾಶದಲ್ಲಿ ಒಂದು ಗರುಡ. ಖುಷಿಯಾಯಿತು. ಮುಂದಿನ ಚಿತ್ರದಲ್ಲೂ ಅದೇ ಜಾಗದಲ್ಲಿ ಗರುಡ. ಹನ್ನೊಂದು ಚಿತ್ರದಲ್ಲೂ ಗರುಡ ಒಂದಿಂಚು ಕದಲಿಲ್ಲ. ದೇವಸ್ಥಾನದ ಒಳಗೆ ತೆಗೆದದ್ದರಲ್ಲೂ ಇತ್ತು, ಕಂಬದ ಮೇಲೆ.

ಸೆನ್ಸರ್ ಮೇಲೆ ಧೂಳು! ಈ ಜಾತಿ ಕ್ಯಾಮೆರಾಗಳ ಲೆನ್ಸು ಸೈಕಲ್ ಪಂಪಿನ ಹಾಗೆ ಒಳಗೆ ಹೊರಗೆ ಹೋಗುತ್ತದಲ್ಲ, ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಒರೆಸಲು ದಾರಿ ಇಲ್ಲ. ಸರ್ವಿಸ್‌ನವರು 10,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 11,800 ಅಂದರು. ಹೋಗಲು ಬರಲು ಕೊರಿಯರ್ 840. 47 ದಿನ ಇಟ್ಟುಕೊಂಡರು. ವಾಪಸ್ ಬಂತು. ನಾಲ್ಕು ತಿಂಗಳಿಗೆ ಮತ್ತೆ ಗರುಡ, ಈ ಸಲ ಜೋಡಿ.

ಕೊನೆಗೆ ಯಾರೋ ಹೇಳಿದರು ಅಂತ ಮನೆಯ ವ್ಯಾಕ್ಯೂಮ್ ಕ್ಲೀನರ್ ಪೈಪನ್ನು ಲೆನ್ಸಿಗೆ ಹಿಡಿದು ಆನ್ ಆಫ್ ಮಾಡಿದೆ. ಒಂದು ಚುಕ್ಕೆ ಹೋಯಿತು, ಇನ್ನೊಂದು ಮೂಲೆಗೆ ಸರಿಯಿತು. ಈಗ ಆ ಮೂಲೆಯಲ್ಲಿ ಮರ ಬರುವ ಹಾಗೆ ನೋಡಿಕೊಂಡು ತೆಗೆಯುತ್ತೇನೆ. ಜೈಸಲ್ಮೇರ್ ಮರಳಿಗೆ ಹೋಗುವವರು ಇದನ್ನು ಯೋಚನೆ ಮಾಡಿ.

ಕೆಜಿಎಫ್ ಕಾಲೋನಿ ಹುಡುಗ, ಕೋಲಾರ:
ಒಳ್ಳೆ ಫೋನ್ ಇದ್ದರೆ ಸಾಕು ಬ್ರದರ್. ನನ್ನದರಲ್ಲಿ 5 ಪಟ್ಟು ಪೆರಿಸ್ಕೋಪ್ ಜೂಮ್ ಲೆನ್ಸ್ ಇದೆ, 100 ಪಟ್ಟು ತನಕ ಹೋಗುತ್ತದೆ. ಅಂತರಗಂಗೆ ಬೆಟ್ಟದ ಮೇಲಿಂದ ಕೋಲಾರ ಊರಿನ ಬೋರ್ಡು ಓದಿದ್ದೇನೆ. 45,000 ಯಾಕೆ ಸುಮ್ನೆ ಸುರಿಯುತ್ತೀರಿ?

ಮೇಷ್ಟ್ರು:
ಬೋರ್ಡು ಓದಿದ್ದು ನೀವಲ್ಲ, ಫೋನ್. ಅದಕ್ಕೆ ಅಕ್ಷರ ಗೊತ್ತು, ಊಹೆ ಮಾಡಿ ತಿದ್ದಿ ಬರೆಯುತ್ತದೆ. 5 ಪಟ್ಟು ಆದಮೇಲೆ ಚಿತ್ರದ ಮಧ್ಯ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತದೆ. 40 ಪಟ್ಟು ಗಾಜಿನ ಜೂಮೇ ಬೇರೆ.

ಕಾಲೋನಿ ಹುಡುಗ:
ಮೇಷ್ಟ್ರೇ, ನಿಮ್ಮ ಗಾಜು ಸಂಜೆ ಐದೂವರೆಗೆ ಮುದ್ದೆ ಮಾಡುತ್ತದೆ ಅಂತ ನೀವೇ ಬರೆದಿದ್ದೀರಿ. ನನ್ನ ಫೋನ್ ರಾತ್ರಿ ಎಂಟಕ್ಕೂ ತೆಗೆಯುತ್ತದೆ. ಆಮೇಲೆ ಮೇಲಿನವರು 1 ಇಂಚು ಸೆನ್ಸರ್ ಅಂತ ಏನೋ ಬಿಲ್ಡಪ್ ಕೊಟ್ಟರು. 1 ಇಂಚು ಅಂದರೆ 25 ಮಿಲಿಮೀಟರ್, ಅಷ್ಟು ದೊಡ್ಡದು ಜೇಬಿನ ಕ್ಯಾಮೆರಾದಲ್ಲಿ ಹೇಗೆ ಹಿಡಿಸುತ್ತದೆ?

ನಂದಿ ತಪ್ಪಲು:
ಬಿಲ್ಡಪ್ ಅಲ್ಲ ತಮ್ಮ. 1 ಇಂಚು ಅನ್ನುವುದು ಹಳೆ ಟಿವಿ ಕ್ಯಾಮೆರಾ ಟ್ಯೂಬಿನ ಕಾಲದ ಹೆಸರು. ನಿಜವಾದ ಅಳತೆ 13.2 × 8.8 ಮಿಲಿಮೀಟರ್. ಮೇಷ್ಟ್ರ ಕ್ಯಾಮೆರಾದಲ್ಲಿರುವ 1/2.3 ಇಂಚಿನ ಸೆನ್ಸರ್ ಅಂದರೆ ಹತ್ತಿರಹತ್ತಿರ 6.2 × 4.6. ಗುಣಿಸಿ ನೋಡು, ನಾಲ್ಕು ಪಟ್ಟು ಜಾಗ. ಮಳೆ ನೀರು ಹಿಡಿಯಲು ಲೋಟ ಇಟ್ಟ ಹಾಗೆ ಒಂದು, ಬೇಸಿನ್ ಇಟ್ಟ ಹಾಗೆ ಇನ್ನೊಂದು.

ಕಾಲೋನಿ ಹುಡುಗ:
ಬೇಸಿನ್ ತುಂಬ ಧೂಳು ತುಂಬಿಕೊಂಡು ನನಗೆ ಪಾಠ ಹೇಳುತ್ತೀರಲ್ಲ ಅಣ್ಣ.

ಗೌರಿಬಿದನೂರು ರೈತ:
ಜಗಳ ಸಾಕು. ನನ್ನ ಹತ್ತಿರ ನಿಕಾನ್ ಪಿ1000 ಇದೆ. 3000 ಮಿಮೀ. ಹುಣ್ಣಿಮೆ ಚಂದ್ರ ಚೌಕಟ್ಟಿನಿಂದ ಆಚೆ ಹೋಗುತ್ತಾನೆ. ಮೈದನಹಳ್ಳಿ ನಮಗೆ ಹತ್ತಿರ, ಅಲ್ಲಿ ಕೃಷ್ಣಮೃಗ ನೋಡಲು ಮೂವತ್ತು ಸಲವಾದರೂ ಹೋಗಿದ್ದೇನೆ. ಮೊದಲ ಸಲ ಹೋದದ್ದು ಮಧ್ಯಾಹ್ನ ಹನ್ನೆರಡಕ್ಕೆ, ಏಪ್ರಿಲ್‌ನಲ್ಲಿ. ಅರ್ಧ ಕಿಲೋಮೀಟರ್ ದೂರದ ಗಂಡು ಜಿಂಕೆಗೆ ಪೂರ್ತಿ ಜೂಮ್ ಹಾಕಿದೆ. 212 ಚಿತ್ರ. ಮನೆಗೆ ಬಂದು ನೋಡಿದರೆ ಜಿಂಕೆ ನೀರೊಳಗೆ ನಿಂತ ಹಾಗಿದೆ. ಕಾಲು ನಾಲ್ಕೂ ಅಲ್ಲಾಡುತ್ತಿವೆ, ಕೊಂಬು ಜಿಲೇಬಿ. ಲೆನ್ಸ್ ಕೆಟ್ಟಿದೆ ಅಂತ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಗೊತ್ತಾಯಿತು, ಕಾದ ನೆಲದಿಂದ ಬಿಸಿ ಗಾಳಿ ಏಳುತ್ತದೆ, ಅದರ ಅಲೆಯ ಮೂಲಕ ನೋಡುತ್ತಿದ್ದೇವೆ ಅಂತ. ದೂರ ಜಾಸ್ತಿ ಆದಷ್ಟೂ ನಾವು ತೆಗೆಯುವುದು ಜಿಂಕೆಯನ್ನಲ್ಲ, ಗಾಳಿಯನ್ನು. ಈಗ ಬೆಳಿಗ್ಗೆ ಆರೂವರೆಗೆ ಹೋಗಿ ಎಂಟೂವರೆಗೆ ವಾಪಸ್, ಹಾಲು ಡೇರಿಗೆ ಹಾಕಿ.

ಮೇಷ್ಟ್ರು:
ಸ್ವಾಮಿ, ಪಿ1000 ತೂಕ 1,415 ಗ್ರಾಂ. ಅವರು ಕೇಳಿದ್ದು ಜೇಬಿಗೆ ಹಿಡಿಸುವುದು.

ಗೌರಿಬಿದನೂರು ರೈತ:
ನಮ್ಮ ಜೇಬು ದೊಡ್ಡದು.

ಚಿಂತಾಮಣಿ ಮೇಡಂ:
ಕೇಳಿದವರ ಎರಡು ಹೆಸರಲ್ಲಿ ಎಚ್‌ಎಕ್ಸ್99 ನನ್ನದು. ಅದರ ಬಗ್ಗೆ ಇಲ್ಲಿಯವರೆಗೆ ಯಾರೂ ಬಾಯಿ ಬಿಟ್ಟಿಲ್ಲ, ಗಂಡಸರೆಲ್ಲ ಮಿಲಿಮೀಟರ್ ಅಳೆಯುತ್ತಿದ್ದೀರಿ. 242 ಗ್ರಾಂ. 24ರಿಂದ 720. ಮೂಲೆಯಲ್ಲಿ ಒಂದು ಗುಂಡಿ ಒತ್ತಿದರೆ ಕಣ್ಣಿಟ್ಟು ನೋಡುವ ಪುಟ್ಟ ವ್ಯೂಫೈಂಡರ್ ಟಕ್ ಅಂತ ಎದ್ದು ನಿಲ್ಲುತ್ತದೆ. ಕಾಶಿಯಲ್ಲಿ ಮಧ್ಯಾಹ್ನ ಘಾಟಿನ ಮೆಟ್ಟಿಲ ಮೇಲೆ ನಿಂತಾಗ ಅದರ ಬೆಲೆ ತಿಳಿಯಿತು. ನಮ್ಮ ಯಜಮಾನರ ಕ್ಯಾಮೆರಾದಲ್ಲಿ ಬರೀ ಸ್ಕ್ರೀನು. ಬಿಸಿಲಿಗೆ ಅದರಲ್ಲಿ ಅವರ ಮುಖವೇ ಕಾಣುತ್ತಿತ್ತು. ಒಂದು ಗಂಟೆ ಆ ಕಡೆಯ ದಡ ಅಂದುಕೊಂಡು ಬರೀ ನೀರು ತೆಗೆದಿದ್ದಾರೆ.

ಕಣ್ಣಿಗೆ ಒತ್ತಿ ಹಿಡಿದರೆ ಕೈ ಅಲುಗುವುದೂ ಕಮ್ಮಿ. 720ರಲ್ಲಿ ಅದು ಸಣ್ಣ ಲಾಭ ಅಲ್ಲ. ಆಮೇಲೆ ಕಂಪ್ಯೂಟರಲ್ಲಿ ಚೆನ್ನಾಗಿ ತಿದ್ದಿಕೊಳ್ಳಲು ರಾ ಫೈಲೂ ಬರುತ್ತದೆ, 740ರಲ್ಲಿ ಅದಿಲ್ಲ. ಒಂದೇ ಬೇಜಾರು, ಚಾರ್ಜಿಂಗಿಗೆ ಹಳೆ ಮೈಕ್ರೋ ಯುಎಸ್‌ಬಿ. ಮನೆಯಲ್ಲಿ ಆ ವೈರ್ ಇರುವುದು ಒಂದೇ, ಅದನ್ನು ಮಗ ಸೊಳ್ಳೆ ಬ್ಯಾಟಿಗೆ ಚುಚ್ಚಿರುತ್ತಾನೆ. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಹೊಸದಾಗಿ ಬರುವ ಕ್ಯಾಮೆರಾಗಳಿಗೆಲ್ಲ ಟೈಪ್ ಸಿ ಕಡ್ಡಾಯ. 2025ರಲ್ಲಿ ಬಂದ ಪ್ಯಾನಸೋನಿಕ್ ಟಿಝಡ್99ಕ್ಕೆ ಟೈಪ್ ಸಿ ಇದೆ. ಆದರೆ ಅದರ ಹಿಂದಿನ ಟಿಝಡ್95ರಲ್ಲಿ ಇದ್ದ ವ್ಯೂಫೈಂಡರ್ ತೆಗೆದುಹಾಕಿದರು. ಒಂದು ಕೊಟ್ಟು ಒಂದು ಕಿತ್ತುಕೊಳ್ಳುವುದು, ಅತ್ತೆ ಮನೆ ಲೆಕ್ಕ.

ಕಾಲೋನಿ ಹುಡುಗ:
ನನ್ನ ಫೋನ್ ಸ್ಕ್ರೀನ್ ಬಿಸಿಲಲ್ಲೂ ಕಾಣುತ್ತದೆ ಮೇಡಂ. ಸುಮ್ನೆ ಹೇಳಿದೆ.

ಚಿಂತಾಮಣಿ ಮೇಡಂ:
ಕಾಣಲಿ ಬಿಡಪ್ಪ. ರಣಥಂಬೋರ್ ಜೀಪ್ ಹತ್ತುವಾಗ ಏನು ಮಾಡುತ್ತೀಯ? ಹುಲಿ ಸಂರಕ್ಷಿತ ಕಾಡಿನ ಕೋರ್ ಪ್ರದೇಶದ ಸಫಾರಿಯಲ್ಲಿ ಫೋನ್ ಬಳಸಬಾರದು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹುಲಿ ಬಂದಾಗ ಜೇಬು ಮುಟ್ಟಿಕೊಂಡು ಕೂರಬೇಕು.

ಕಾಲೋನಿ ಹುಡುಗ:
ಹುಲಿ ನೋಡಲು ಕಣ್ಣಿದೆಯಲ್ಲ ಮೇಡಂ. ಎಲ್ಲವನ್ನೂ ತೆಗೆಯಲೇಬೇಕಾ?

ಮೇಷ್ಟ್ರು:
ಈಗ ವೇದಾಂತ ಶುರುವಾಯಿತು.

ಶಿರಾ ಹೊಸಬ:
ಎಲ್ಲರಿಗೂ ಧನ್ಯವಾದ. ಧೂಳಿನ ವಿಷಯ ಓದಿ ಹೆದರಿಕೆಯಾಯಿತು. ಕಗ್ಗಲಡುಗೆ 720 ಸಾಕಾ? ಮರದ ಬುಡಕ್ಕೇ ಹೋದರೆ ಅಷ್ಟು ಜೂಮೂ ಬೇಕಿಲ್ಲ ಅಂತ ಒಬ್ಬರು ಹೇಳಿದರು.

ಶಿರಾ ಹಕ್ಕಿ ಕಾವಲು:
ಯಾರು ಹೇಳಿದ್ದು? ಕರೆದುಕೊಂಡು ಬನ್ನಿ ಅವರನ್ನು. ಕೊಕ್ಕರೆ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರದಲ್ಲಿ, ಜನ ತಮ್ಮ ಮಕ್ಕಳ ಹಾಗೆ ಕಾಯುತ್ತಾರೆ. ಹೋದ ವರ್ಷ ಒಬ್ಬ ಮಹಾಶಯ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿದ, ಹಾರುವ ಚಿತ್ರ ಬೇಕಂತೆ. ಮರಿಯೊಂದು ಕೆಳಗೆ ಬಿತ್ತು. ಅಜ್ಜಿ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದರು. ರಸ್ತೆಯಲ್ಲೇ ನಿಲ್ಲಿ. 720 ಬೇಕಾದಷ್ಟಾಯಿತು. ತಲೆ ಮೇಲೆ ಟೋಪಿ ಇರಲಿ, ಅವು ಹಿಕ್ಕೆ ಹಾಕುವುದಕ್ಕೆ ಮುಹೂರ್ತ ನೋಡುವುದಿಲ್ಲ.

ಗೌರಿಬಿದನೂರು ರೈತ:
ಇದಕ್ಕೇ ನಾನು 3000 ಅಂದದ್ದು. ಪಕ್ಕದ ಊರಿಂದಲೇ ತೆಗೆಯಬಹುದು.

ನಂದಿ ತಪ್ಪಲು:
ಗಾಳಿಯನ್ನಾ?

ಮೇಷ್ಟ್ರು:
ಶಿರಾದವರೇ, ಇವರ ಮಾತು ಬಿಡಿ. ನನ್ನ 740 ಕೊಡುವ ಯೋಚನೆ ಇದೆ, ಮಗಳು ಲೆನ್ಸ್ ಬದಲಿಸುವ ಮಿರರ್‌ಲೆಸ್ ಕ್ಯಾಮೆರಾ ಕೊಡಿಸುತ್ತಿದ್ದಾಳೆ. 20,000 ಕೊಡಿ. ಪೌಚ್, ಕಾರ್ಡು, ಅಸಲಿ ಬ್ಯಾಟರಿ ಸೇರಿ. ಒಂದು ಗೀರಿಲ್ಲ.

ನಂದಿ ತಪ್ಪಲು:
ಓಹೋ! ಮೇಲಿಂದ ಮಧುಗಿರಿ ಪುರಾಣ ಹೇಳಿದ್ದು ಇದಕ್ಕಾ? 27,500ಕ್ಕೆ ತಗೊಂಡದ್ದು, ಇಷ್ಟು ವರ್ಷ ಬಳಸಿ 20,000?

ಮೇಷ್ಟ್ರು:
ಈಗ ಹೊಸದು ಸಿಗುವುದು ಕಷ್ಟ, ಮಾರ್ಕೆಟ್ ವಿಚಾರಿಸಿ. ಜೊತೆಗೆ ನನ್ನದರಲ್ಲಿ ಗರುಡ ಇಲ್ಲ.

ನಂದಿ ತಪ್ಪಲು:
ಗರುಡನ ಮಾತು ಎತ್ತಬೇಡಿ ಮೇಷ್ಟ್ರೇ, ನಾನು ಮರ್ಯಾದೆ ಕೊಟ್ಟು ಮಾತಾಡುತ್ತಿದ್ದೇನೆ.

ಚಿಂತಾಮಣಿ ಮೇಡಂ:
ಶಿರಾದವರೇ, ತಗೊಳ್ಳುವ ಮುಂಚೆ ನೀಲಿ ಆಕಾಶಕ್ಕೆ ಪೂರ್ತಿ ಜೂಮ್ ಹಾಕಿ ಒಂದು ಚಿತ್ರ ತೆಗೆದು ನೋಡಿ. ಚುಕ್ಕೆ ಇದ್ದರೆ ಅಲ್ಲೇ ಕಾಣುತ್ತದೆ. ಲೆನ್ಸ್ ಹತ್ತು ಸಲ ಒಳಗೆ ಹೊರಗೆ ಬಿಡಿ, ಕರಕರ ಅಂದರೆ ಎದ್ದು ಬನ್ನಿ. ಬಿಲ್ ಕೇಳಿ. ಮೇಷ್ಟ್ರು ಅಂತ ಸಂಕೋಚ ಪಡಬೇಡಿ.

ಶಿರಾ ಹೊಸಬ:
ಸರ್, ಭಾನುವಾರ ಬೆಳಿಗ್ಗೆ ತುಮಕೂರಿಗೆ ಬರುತ್ತೇನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಫೋನ್ ಮಾಡಲಾ? 16,000ಕ್ಕೆ ಆಗುತ್ತದಾ? ಚಾರ್ಜರ್ ಒರಿಜಿನಲ್ಲಾ?

ಮೇಷ್ಟ್ರು:
ಬನ್ನಿ, ಇಡ್ಲಿ ನಾನೇ ಕೊಡಿಸುತ್ತೇನೆ. 17,500. ಚಾರ್ಜರ್ ಒರಿಜಿನಲ್. ವೈರನ್ನು ಇಲಿ ಒಂದು ಕಡೆ ಕಚ್ಚಿದೆ, ಟೇಪ್ ಸುತ್ತಿದ್ದೇನೆ.

ಕಾಲೋನಿ ಹುಡುಗ:
ಇಡ್ಲಿ ತಿನ್ನುವಾಗ ಒಂದು ಚಿತ್ರ ತೆಗೆದು ಹಾಕಿ. ಫೋನಲ್ಲಿ.